ಎಷ್ಟು ದೂರದಿಂದ ಓಡಬೇಕು

ಚಪ್ಪಲಿಯನ್ನು ಅಲ್ಲಿ ಇಟ್ಟವನು ಫೆಲಿಮೊನ್‌ನೇ. ಹುಲ್ಲಿನ ಇಬ್ಬನಿ ಆರುವ ಮುಂಚೆ ಮೈದಾನಕ್ಕೆ ಬಂದು, ಪೋಲ್ ವಾಲ್ಟಿನ ಗಳ ಊರುವ ಕಬ್ಬಿಣದ ಗುಣಿಯಿಂದ ಹಿಂದಕ್ಕೆ ಟೇಪು ಎಳೆದು, ತಾನು ಕಲಿಸುವ ಹುಡುಗಿ ರಿಸಾಲಿನ್ ಎಲ್ಲಿಂದ ಓಟ ಶುರು ಮಾಡಬೇಕೋ ಅಲ್ಲಿ ಅವಳದೇ ನೀಲಿ ರಬ್ಬರ್ ಚಪ್ಪಲಿಯೊಂದನ್ನು ಓಟದ ಹಾದಿಯ ಅಂಚಿಗೆ ಇಟ್ಟಿದ್ದ. ಅಳತೆ ಸರಿಯಾಗಿತ್ತು. ಸರಿಯಾಗಿದೆಯೆಂದು ಗೊತ್ತಿದ್ದೂ ಮತ್ತೆ ಮತ್ತೆ ಟೇಪು ಬಿಚ್ಚುತ್ತಿದ್ದ. ಮಂಡಿಯೂರಿ ಕೂತು ಅಂಕಿಯ ಮೇಲೆ ಹೆಬ್ಬೆರಳು ಒತ್ತಿದಾಗಲೆಲ್ಲ ಬೆನ್ನ ಹಿಂದೆ ಯಾರೋ ನಿಂತು ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ತಿರುಗಿದರೆ ಶಾಮಿಯಾನದ ಕೆಳಗೆ ಖಾಲಿ ಪ್ಲಾಸ್ಟಿಕ್ ಕುರ್ಚಿಗಳು, ಮೈಕು ಪರೀಕ್ಷಿಸುವವನ ಕೆಮ್ಮು, ಅಷ್ಟೇ. ಅಳತೆಯ ಮೇಲೆ ಅವನಿಗೆ ಅನುಮಾನವಿರಲಿಲ್ಲ. ಈ ಚಪ್ಪಲಿಯನ್ನು ಜಿಗಿತ ಮುಗಿಯುವವರೆಗೆ ಇಲ್ಲೇ ಉಳಿಸಿಕೊಳ್ಳುವ ತಾಕತ್ತು ತನಗಿದೆಯೇ ಎಂಬುದರ ಮೇಲೆ ಇತ್ತು.

ಅವನು ಹೆದರಿದ್ದ ತೊಂದರೆ ಬಂದದ್ದು ತಿಂಡಿಯ ಹೊತ್ತಿಗೆ. ಕ್ರೀಡಾಕೂಟಕ್ಕೆ ಬಂದ ಮಕ್ಕಳೆಲ್ಲ ಮಲಗುವುದು ಊರಿನ ಶಾಲೆಯ ಕೋಣೆಗಳಲ್ಲಿ. ಬೆಂಚುಗಳನ್ನು ಗೋಡೆಗೆ ಒತ್ತಿ ಚಾಪೆ ಹಾಸಿರುತ್ತಾರೆ, ಕರಿಹಲಗೆಯ ಕೆಳಗೆ ಅನ್ನದ ಪಾತ್ರೆ, ಕಿಟಕಿಯ ಸರಳಿಗೆ ಒಣಹಾಕಿದ ಕಾಲುಚೀಲ. ಆ ಕೋಣೆಗೆ ಸೊಲೆದಾದ್ ಮೇಡಂ ಬಂದರು, ಕೈಯಲ್ಲಿ ಬಿಸಿ ಪಾಂದೆಸಾಲ್ ಬನ್ನುಗಳ ಚೀಲ, ಹಿಂದೆ ಬೇಯಿಸಿದ ಮೊಟ್ಟೆ ಹೊತ್ತ ಡ್ರೈವರ್. ಜಿಲ್ಲೆಯ ಶಾಲೆಗಳ ಆಟೋಟಕ್ಕೆಲ್ಲ ಅವರೇ ಮೇಲ್ವಿಚಾರಕಿ, ಆದರೂ ಫೆಲಿಮೊನ್‌ನ ಶಾಲೆಯನ್ನು ಮಾತ್ರ ನಮ್ಮದು ಎನ್ನುವವರು. ಫೆಲಿಮೊನ್‌ಗೆ ಅದಕ್ಕಿಂತ ಹೆಚ್ಚು: ಅವನ ಮದುವೆಯಲ್ಲಿ ಧರ್ಮತಾಯಿಯಾಗಿ ನಿಂತವರು, ಅವನ ನಿನಾಂಗ್. ಅವನು ಎದ್ದು, ಬಗ್ಗಿ, ಅವರ ಕೈ ಹಿಡಿದು ಬೆರಳ ಗೆಣ್ಣುಗಳನ್ನು ಹಣೆಗೆ ಮುಟ್ಟಿಸಿಕೊಂಡ. ತಲೆ ಅರ್ಧ ನೆರೆತ, ಹೊಟ್ಟೆ ಬಂದ, ಕೊರಳಿಗೆ ಸೀಟಿ ಹಾಕಿಕೊಂಡ ಕೋಚ್ ಹೀಗೆ ಬಗ್ಗುವುದನ್ನು ಮಕ್ಕಳು ಬನ್ನು ಜಗಿಯುತ್ತ ನೋಡಿದರು. ಅದರಲ್ಲಿ ಅವಮಾನವೇನೂ ಇಲ್ಲ, ದೊಡ್ಡವರಿಗೆ ಎಲ್ಲರೂ ಬಗ್ಗುತ್ತಾರೆ. ಆದರೆ ಬಗ್ಗಿದ ಮೇಲೆ ಅವರೆದುರು ಪೂರ್ತಿ ನೆಟ್ಟಗಾಗುವುದು ಮದುವೆಯಾದಾಗಿನಿಂದ ಅವನಿಗೆ ಸಾಧ್ಯವಾಗಿಲ್ಲ.

“ನಿನ್ನೆ ಅಭ್ಯಾಸ ನೋಡ್ದೆ ಕಣೋ ತೊತೊ,” ಎಂದರು ಅವರು. ತೊತೊ ಎಂದರೆ ಹುಡುಗ. ಅವರ ಬಾಯಲ್ಲಿ ಅವನು ಸಾಯುವವರೆಗೂ ತೊತೊನೇ. “ಬೇರೆ ಸ್ಕೂಲಿನ ಮಕ್ಕಳು ಆ ತಲಿಸಾಯ್ ಮರದ ಹತ್ರದಿಂದ ಓಡಿ ಬರ್ತವೆ. ನಮ್ಮದು ನೋಡಿದ್ರೆ, ಬಚ್ಚಲಿಗೆ ಹೋಗೋರ ಥರ ನಾಲ್ಕು ಹೆಜ್ಜೆ ಹಾಕಿ ನೆಗೆಯುತ್ತೆ. ನೋಡಿದವರು ಏನಂತಾರೆ?”

“ಹೊಸಬಳು ನಿನಾಂಗ್. ಮೊದಲು ಹತ್ರದಿಂದ ಕಲಿತ್ರೆ—”

“ಹೊಸಬಳು ಅಂತಾನೇ ಧೈರ್ಯ ಕಲಿಸ್ಬೇಕು. ಇವತ್ತು ಮರದ ಹತ್ರದಿಂದ ಓಡ್ಸು. ಮೊದ್ಲು ಮೊಟ್ಟೆ ತಿನ್ನಿಸು, ಎಷ್ಟು ಸೊರಗಿದಾಳೆ ನೋಡು,” ಎಂದು ತಾವೇ ಸಿಪ್ಪೆ ಸುಲಿದು, ಉಪ್ಪು ಮುಟ್ಟಿಸಿ, ರಿಸಾಲಿನ್‌ಳ ಬಾಯಿಗೆ ಇಟ್ಟರು.

ಫೆಲಿಮೊನ್ ನಕ್ಕ. ಒಪ್ಪಿಗೆಯೂ ಅಲ್ಲದ, ನಿರಾಕರಣೆಯೂ ಅಲ್ಲದ ಆ ನಗು ಅವನ ಜೀವಮಾನದ ಸಂಪಾದನೆ. ಹೆಂಡತಿ ಎಲ್ಮಾಗೆ ಅದನ್ನು ಕಂಡರೆ ಮೈಯೆಲ್ಲ ಉರಿ. ಮನೇಲಿ ಹುಲಿ, ಬೀದೀಲಿ ಇಲಿ ಎನ್ನುತ್ತಾಳೆ, ಸಾರಿನ ಸೌಟನ್ನು ಅವನ ಕಡೆ ತೋರಿಸಿ. ಮನೆಯಲ್ಲಾದರೂ ತಾನು ಹುಲಿಯೆಂದು ಅವಳು ಒಪ್ಪಿಕೊಂಡದ್ದೇ ದೊಡ್ಡದು ಎಂದು ಅವನು ಆಗಲೂ ಅದೇ ನಗು ನಗುತ್ತಾನೆ.

ಬೇರೆ ಎಲ್ಲ ವಿಷಯಗಳಲ್ಲಿ ಅವನು ಹತ್ತರಲ್ಲಿ ಹನ್ನೊಂದನೆಯವನು. ಇಂಗ್ಲಿಷು ಬಾರದು, ವರದಿ ಬರೆಯಲು ಬಾರದು, ಸಭೆಯಲ್ಲಿ ಎದ್ದು ನಿಂತು ಮಾತಾಡಲು ಬಾರದು. ಎಷ್ಟು ದೂರದಿಂದ ಓಡಬೇಕು ಎಂಬುದೊಂದು ಮಾತ್ರ ಅವನಿಗೆ ನಿಜವಾಗಿ ಗೊತ್ತು. ಕಲಿಯುವ ಮಗುವಿಗೆ ಓಟ ಕೊಡುವುದೆಂದರೆ ಕೈತುತ್ತು ಹಾಕಿದ ಹಾಗೆ, ಬಾಯಿಗೆ ಹಿಡಿಸುವಷ್ಟೇ ಹಾಕಬೇಕು. ದೂರ ಹೆಚ್ಚಿದರೆ ವೇಗ ಹೆಚ್ಚುತ್ತದೆ, ಯಾರಿಗೂ ತಿಳಿಯುವ ಮಾತು. ಗುಣಿಯ ಹತ್ತಿರ ಬಂದಾಗ ಆ ವೇಗವನ್ನು ಏನು ಮಾಡಬೇಕೆಂಬುದು ಮಗುವಿಗೆ ತಿಳಿಯುವುದಿಲ್ಲ. ಕೊನೆಯ ಹೆಜ್ಜೆಗಳಲ್ಲಿ ಕಾಲು ತಡವರಿಸುತ್ತದೆ. ನೆಗೆಯುವ ಎಡಗಾಲು ಗುಣಿಗೆ ತೀರ ಹತ್ತಿರ ಬೀಳುತ್ತದೆ. ಆಗ ಗಳ ಎತ್ತುವುದನ್ನು ಬಿಟ್ಟು ಭುಜ ಹಿಡಿದು ಹಿಂದಕ್ಕೆ ಜಗ್ಗುತ್ತದೆ, ಮೇಲೆ ಹೋದ ಮೈ ಮೆತ್ತೆಗೆ ಬೀಳದೆ ಆ ಕಬ್ಬಿಣದ ಮೇಲೆಯೇ ವಾಪಸು ಬರಬಹುದು. ಅದಕ್ಕೇ ಅವನು ಮಕ್ಕಳಿಗೆ ಎಡಗಾಲು ಎಣಿಸಲು ಕಲಿಸುತ್ತಾನೆ: ಒಂದು, ಎರಡು, ಮೂರನೆಯದಕ್ಕೆ ನೆಗೆ. ನಿದ್ದೆಯಲ್ಲಿ ಎಬ್ಬಿಸಿ ಓಡಿಸಿದರೂ ಮೂರು ತಪ್ಪುವುದಿಲ್ಲ ಎಂದಾದ ಮೇಲೆ ನಾಲ್ಕು. ಆ ನಾಲ್ಕು ಯಾರ ಅವಸರಕ್ಕೂ ಬರುವುದಿಲ್ಲ, ಮೇಡಂಗಳ ಅವಸರಕ್ಕೂ ಬರುವುದಿಲ್ಲ. ರಿಸಾಲಿನ್ ಇನ್ನೂ ಮೂರರಲ್ಲಿದ್ದಳು. ತಲಿಸಾಯ್ ಮರದಿಂದ ಎಣಿಸಿದರೆ ಅದರ ಎರಡರಷ್ಟಾಗುತ್ತದೆ.

ಅವಳು ಮೀನುಗಾರರ ಮನೆಯವಳು. ಉಪ್ಪುನೀರಲ್ಲೇ ಬೇರು ಬಿಡುವ ಕಾಂಡ್ಲಾ ಗಿಡಗಳ ನಡುವಿನ ಹಿನ್ನೀರಿನಲ್ಲಿ ಬಿದಿರ ಗಳ ಊರಿ ಅಪ್ಪನ ದೋಣಿ ತಳ್ಳುತ್ತ ಬೆಳೆದವಳು. ಶಾಲೆಯ ಹಿಂದಿನ ಕಾಲುವೆಯನ್ನು ಅವಳೊಮ್ಮೆ ಬೇಲಿಯ ಗಳವೊಂದನ್ನು ಕಿತ್ತು ಊರಿ ದಾಟಿದ್ದನ್ನು ಫೆಲಿಮೊನ್ ಕಂಡಿದ್ದ. ದಾಟಿದ್ದಕ್ಕಿಂತ, ಗಳ ಕೆಸರಿನ ತಳ ಹಿಡಿಯುವವರೆಗೆ ಅವಳ ಕೈ ಕಾದದ್ದು ಅವನ ಕಣ್ಣಿಗೆ ಬಿದ್ದಿತ್ತು. ಬೇಲಿ ಕಿತ್ತದ್ದಕ್ಕೆ ಬೈಯಬೇಕಾದವನು ನಾಳೆಯಿಂದ ಸಂಜೆ ಅಭ್ಯಾಸಕ್ಕೆ ನಿಲ್ಲು ಎಂದಿದ್ದ. ಆ ಕಾಯುವ ಕೈಯನ್ನು ಯಾರಿಂದಲೂ ಕಲಿಸಲಾಗುವುದಿಲ್ಲ, ಹಾಳು ಮಾಡಬಹುದು ಅಷ್ಟೇ. ದೋಣಿ ಕಾಯುತ್ತದೆ, ಓಟ ಕಾಯುವುದಿಲ್ಲ.

ಬಿಸಿಲೇರಿದ ಮೇಲೆ ಹುಡುಗಿಯರ ಜಿಗಿತ ಶುರುವಾಯಿತು. ಬೇರೆ ಶಾಲೆಯವರೆಲ್ಲ ಮರದ ನೆರಳಿನಿಂದ ಓಡಿ ಬಂದರು. ಅರ್ಧ ಮಂದಿ ಗುಣಿಯ ಹತ್ತಿರ ಬಂದು ಗಕ್ಕನೆ ನಿಂತರು, ಕೆಲವರು ಅಡ್ಡಪಟ್ಟಿಯನ್ನು ಎದೆಯಿಂದ ತಳ್ಳಿಕೊಂಡೇ ಹೋದರು, ಆದರೂ ಓಡಿ ಬರುವಾಗ ನೋಡಲು ಚೆನ್ನಾಗಿತ್ತು, ಜನ ಹೋ ಎಂದರು. ರಿಸಾಲಿನ್ ಚಪ್ಪಲಿಯ ಪಕ್ಕ ನಿಂತು ಗಳ ಎತ್ತಿದಾಗ ಇವಳು ಇನ್ನೂ ಹಿಂದಕ್ಕೆ ಹೋಗುತ್ತಾಳೆಂದು ಎಲ್ಲರೂ ಕಾದರು. ಅವಳು ಅಲ್ಲಿಂದಲೇ ಓಡಿ, ಶಬ್ದವಿಲ್ಲದೆ ಮೇಲೆ ಹೋಗಿ, ಶಬ್ದವಿಲ್ಲದೆ ಮೆತ್ತೆಗೆ ಬಿದ್ದಳು. ಪಟ್ಟಿ ಅಲುಗಲಿಲ್ಲ. ಆಮೇಲೆ ನಗು ಬಂತು.

“ಏನ್ ಸರ್ ಫೆಲಿಮೊನ್,” ಎಂದ ಪಕ್ಕದ ಶಾಲೆಯ ಕೋಚ್ ಕ್ರಿಸ್ಪುಲೊ, ಎಲ್ಲರಿಗೂ ಕೇಳುವ ಹಾಗೆ. “ಟ್ರೈಸಿಕಲ್ ಆಟೋ ಹತ್ತಿದ ತಕ್ಷಣ ‘ಇಲ್ಲೇ ಇಳೀತೀನಿ’ ಅನ್ನೋ ಗಿರಾಕಿ ಥರ ಇದಾಳಲ್ಲ ನಿಮ್ಮ ಹುಡುಗಿ.”

“ಬಾಡಿಗೆ ಉಳಿಯುತ್ತಲ್ಲ ಸರ್,” ಎಂದ ಫೆಲಿಮೊನ್.

ಜನ ಇನ್ನೂ ಜೋರಾಗಿ ನಕ್ಕರು. ಒಂದು ಕ್ಷಣ ಅವನಿಗೆ ಖುಷಿಯಾಯಿತು, ಇಂಥ ಉತ್ತರ ಅವನಿಗೆ ಸಾಮಾನ್ಯವಾಗಿ ಮನೆಗೆ ಹೋದ ಮೇಲೆ ಹೊಳೆಯುತ್ತದೆ. ಮೆತ್ತೆಯಿಂದ ಇಳಿಯುತ್ತಿದ್ದ ರಿಸಾಲಿನ್ ಅದನ್ನು ಕೇಳಿಸಿಕೊಂಡಿದ್ದಳು. ಅವಳ ಕಿವಿ ಕೆಂಪಾಗಿತ್ತು. ಹುಡುಗಿಯನ್ನು ಆಡಿಕೊಂಡವನ ಜೊತೆ ಸೇರಿ ತಾನೂ ನಗು ಗಿಟ್ಟಿಸಿಕೊಂಡೆನಲ್ಲ ಎಂದು ಅವನ ಖುಷಿ ಅಲ್ಲೇ ಆರಿಹೋಯಿತು. ಅವಳ ಹತ್ತಿರ ಹೋಗಿ ಏನಾದರೂ ಹೇಳಬೇಕೆಂದುಕೊಂಡ. ಟೇಪನ್ನು ಸುತ್ತಿ ಬಿಚ್ಚಿ ಸುತ್ತಿದ. ಪಟ್ಟಿ ಏರಿತು, ಅವಳು ದಾಟಿದಳು. ಮತ್ತೆ ಏರಿತು, ಮತ್ತೆ ದಾಟಿದಳು. ಪ್ರತಿ ಸಲ ಕಡಿಮೆ ಜನ ಉಳಿದರು, ನಗು ಮಾತ್ರ ಉಳಿದೇ ಇತ್ತು. ಕೊನೆಗೆ ಕ್ರಿಸ್ಪುಲೊನ ಎತ್ತರದ ಹುಡುಗಿ ಮತ್ತು ಇವಳು, ಇಬ್ಬರೇ.

ಆಗ ಶಾಮಿಯಾನದಿಂದ ನಿನಾಂಗ್ ಬೀಸಣಿಗೆ ಎತ್ತಿ ಕರೆದರು. ಮೈದಾನದ ಅಂಚಿನಿಂದ ಶಾಮಿಯಾನಕ್ಕೆ ಹೋಗುವಷ್ಟು ಹೊತ್ತೂ ಅವನು ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಜೋಡಿಸಿಕೊಂಡ, ಸರಳವಾಗಿತ್ತು, ನಾಲ್ಕೇ ಮಾತು. ಮಗುವಿಗೆ ಏಟಾಗುತ್ತದೆ ನಿನಾಂಗ್, ನಾನು ಬಿಡುವುದಿಲ್ಲ. ಹತ್ತಿರ ಹೋದಂತೆ ಮಾತುಗಳು ಒಂದೊಂದೇ ಕಳಚಿ ಬಿದ್ದವು. ನಿನಾಂಗ್ ಪಕ್ಕದಲ್ಲಿ ಊರಿನ ಮೇಯರ್ ಕೂತಿದ್ದರು, ಅತಿಥಿಗಳು ಕೂತಿದ್ದರು.

“ಬೆಳಿಗ್ಗೆ ಏನ್ ಹೇಳಿದ್ದೆ ನಾನು?”

“ಅಲ್ಲಿಂದ ಅವಳ ಹೆಜ್ಜೆ ಇನ್ನೂ ಕೂತಿಲ್ಲ ನಿನಾಂಗ್. ಗುಣಿ ಹತ್ರ ಬಂದಾಗ—”

“ಕೂರೋದು ಯಾವಾಗಪ್ಪಾ? ಅವಳ ಮೊಮ್ಮಕ್ಕಳ ಕಾಲಕ್ಕಾ?” ಅತಿಥಿಗಳು ನಕ್ಕರು. ನಿನಾಂಗ್ ಬೀಸಣಿಗೆಯ ಮರೆಯಲ್ಲಿ ಧ್ವನಿ ತಗ್ಗಿಸಿದರು. “ಇಷ್ಟು ವರ್ಷದಲ್ಲಿ ನಿನ್ನ ಹತ್ರ ಏನಾದ್ರೂ ಕೇಳಿದೀನೇನೋ? ನಮ್ಮ ಮಗು ದೂರದಿಂದ ಹ್ಯಾಗೆ ಓಡಿ ಬರುತ್ತೆ ನೋಡಿ ಅಂತ ಮೇಯರ್‌ಗೆ ಹೇಳಿಬಿಟ್ಟಿದೀನಿ. ನನ್ನ ಮುಖ ಉಳಿಸು.”

ಕೇಳಿರಲಿಲ್ಲ. ಅದೇ ಕಷ್ಟ. ಎಲ್ಮಾಳ ಮೊದಲ ಹೆರಿಗೆ ಕಷ್ಟವಾದಾಗ ಆಸ್ಪತ್ರೆಯ ಬಾಗಿಲು ಬಡಿದು ಡಾಕ್ಟರನ್ನು ಎಬ್ಬಿಸಿದವರು ಇವರು, ಬೆಂಚಿನ ಮೇಲೆ ಜಪಮಾಲೆ ಹಿಡಿದು ಬೆಳಗಿನವರೆಗೆ ಕೂತವರು ಇವರು. ಚಂಡಮಾರುತದಲ್ಲಿ ಹಾರಿಹೋದ ಮನೆಯ ತಗಡು ಮರುದಿನವೇ ಹೇಗೋ ಹೊಸದಾಗಿ ಬಂದಿತ್ತು, ಯಾರು ಕಳಿಸಿದರೆಂದು ಕೇಳುವ ಅಗತ್ಯವಿರಲಿಲ್ಲ. ಈ ಸೀಟಿ ಕೂಡ ಅವರ ಮಾತಿನಿಂದ ಅವನ ಕೊರಳಿಗೆ ಬಂದದ್ದು. ಕೊಟ್ಟದ್ದನ್ನು ಅವರು ಒಮ್ಮೆಯೂ ಎತ್ತಿ ಆಡಿದವರಲ್ಲ. ಆಡಿದ್ದರೆ ಸಿಟ್ಟಾದರೂ ಬರುತ್ತಿತ್ತು, ಸಿಟ್ಟು ಬಂದಿದ್ದರೆ ಬೇಡ ಎನ್ನುವ ಮಾತಾದರೂ ಬರುತ್ತಿತ್ತು. ಇವರು ಸ್ವಲ್ಪ ಕೆಟ್ಟವರಾಗಿದ್ದರೆ ತನ್ನ ಬಾಳು ಎಷ್ಟು ಸಲೀಸಾಗಿರುತ್ತಿತ್ತು ಎಂದು ಅವನು ಯೋಚಿಸಿದ, ಯೋಚಿಸಿದ್ದಕ್ಕೆ ನಾಚಿಕೆಪಟ್ಟ. ಉಪಕಾರದ ಋಣ ಅವನ ಬಾಯಿಯೊಳಗೆ ಬಿಸಿ ಅನ್ನದಂತೆ ತುಂಬಿಕೊಂಡಿತ್ತು, ನುಂಗಲೂ ಆಗದು, ಉಗುಳಲೂ ಆಗದು. ನಿನಾಂಗ್ ಎಲ್ಲರೆದುರು ಅವನ ಕೆನ್ನೆ ತಟ್ಟಿ ಕಳಿಸಿದರು.

ರಿಸಾಲಿನ್ ಗಳಕ್ಕೆ ಒರಗಿ ಕಾಯುತ್ತಿದ್ದಳು. ಅವನ ಮುಖ ನೋಡಿದ ಕೂಡಲೇ ಅವಳಿಗೆ ಅರ್ಥವಾಯಿತು.

“ಬೇಡ ಅಂತ ಹೇಳಿ ಸರ್.”

“ನೀನೇ ಹೇಳ್ಬಹುದಲ್ಲ. ಭಯ ಆಗುತ್ತೆ ಮೇಡಂ ಅಂದ್ರೆ ಅವರೇನು ಬಯ್ಯಲ್ಲ.”

ತನ್ನ ಬಾಯಿಂದ ಇದು ಬಂತೆಂದು ಅವನಿಗೆ ತಕ್ಷಣ ನಂಬಲಾಗಲಿಲ್ಲ.

“ನಾನು ಹೇಳಿದ್ರೆ ಸೊಕ್ಕು ಅಂತಾರೆ ಸರ್. ಬೆಳಿಗ್ಗೆ ಅವರ ಕೈಯಿಂದ ಮೊಟ್ಟೆ ತಿಂದಿದೀನಿ,” ಎಂದಳು ಹುಡುಗಿ. ಅವಳ ಸ್ವರದಲ್ಲಿ ಅಳುವಿರಲಿಲ್ಲ, ಅಂಗಡಿಯವನಿಗೆ ಲೆಕ್ಕ ಹೇಳುವ ಹಾಗಿತ್ತು. “ನೀವು ದೊಡ್ಡವರು. ನೀವು ಹೇಳಿದ್ರೆ ಕೋಚ್ ಬೇಡ ಅಂದ್ರು ಅಂತಾಗುತ್ತೆ. ಆಗ ನಂದೇನೂ ಇರಲ್ಲ.”

ಸರಿಯಾದ ಮಾತು. ಈ ಊರುಗಳಲ್ಲಿ ಚಿಕ್ಕವರು ದೊಡ್ಡವರಿಗೆ ಬೇಡ ಎನ್ನುವಂತಿಲ್ಲ. ಅವರ ಪರವಾಗಿ ಬೇಡ ಎನ್ನಲು ಇನ್ನೊಬ್ಬ ದೊಡ್ಡವರು ಬೇಕು. ಅವನ ಪರವಾಗಿ ಬೇಡ ಎನ್ನಲು ಯಾರಿದ್ದಾರೆ? ಅಪ್ಪ ಸತ್ತು ಎಷ್ಟೋ ಕಾಲವಾಯಿತು, ಅವನೂ ಬದುಕಿದ್ದಷ್ಟು ದಿನ ದೋಣಿಯ ಯಜಮಾನನೆದುರು ಟೋಪಿ ತೆಗೆದು ನಿಂತವನೇ. ಫೆಲಿಮೊನ್ ಈ ಹುಡುಗಿಗೆ ದೊಡ್ಡವನು, ಅಲ್ಲಿ ಕುರ್ಚಿಯಲ್ಲಿ ಕೂತವರಿಗೆ ತೊತೊ, ಎರಡೂ ಒಂದೇ ಮೈಯಲ್ಲಿ. ಅವನು ಬಗ್ಗಿ ಚಪ್ಪಲಿ ಎತ್ತಿಕೊಂಡ. ಮರದ ಕಡೆಗೆ ನಡೆದ. ಬೆಳಿಗ್ಗೆಯೆಲ್ಲ ಅಳೆದದ್ದನ್ನೇ ಅಳೆದ ಟೇಪು ಅವನ ಜೇಬಿನಲ್ಲೇ ಇತ್ತು, ತೆಗೆಯಲಿಲ್ಲ. ಯಾವ ದೂರವನ್ನು ಅಳೆಯುವುದು? ಅಲ್ಲಿಂದ ಅವಳ ಕಾಲಿಗೆ ಇನ್ನೂ ಲೆಕ್ಕವೇ ಹುಟ್ಟಿರಲಿಲ್ಲ. ಚಪ್ಪಲಿ ಕೈಯಲ್ಲಿ ಹಗುರವಾಗಿತ್ತು, ಹಿಮ್ಮಡಿಯ ಜಾಗದಲ್ಲಿ ಸವೆದು ತೂತು ಬಿದ್ದಿತ್ತು. ಇನ್ನೂ ಹಿಂದಕ್ಕೆ, ಇನ್ನೂ ಹಿಂದಕ್ಕೆ ಎಂದು ಯಾರೋ ಕೂಗಿದರು. ಮರದ ನೆರಳು ಮುಗಿಯುವಲ್ಲಿ, ಸುಮ್ಮನೆ ಕಣ್ಣಂದಾಜಿಗೆ, ಅದನ್ನು ಕೆಳಗಿಟ್ಟ. ಶಾಮಿಯಾನದಲ್ಲಿ ಚಪ್ಪಾಳೆ ಬಿತ್ತು. ಮೈಕಿನವನು, “ನೋಡಿ, ಈಗ ಮಗು ದೊಡ್ಡವರ ಸಾಲಿಗೆ ಬಂದಳು,” ಎಂದ.

ಗುಣಿಯ ಪಕ್ಕಕ್ಕೆ ಬಂದು ನಿಂತ. ಜಿಗಿತದ ಹೊತ್ತಿನಲ್ಲಿ ಅವನು ಎಂದೂ ಮೇಲೆ ನೋಡಿದವನಲ್ಲ. ಮಗು ಎಷ್ಟು ಎತ್ತರ ಹೋಯಿತು, ಪಟ್ಟಿ ಬಿತ್ತೇ, ಜನ ಏನಂದರು, ಅದನ್ನೆಲ್ಲ ಬೇರೆಯವರು ನೋಡಿಕೊಳ್ಳುತ್ತಾರೆ. ಕೋಚ್ ನೋಡಬೇಕಾದದ್ದು ಎಡಗಾಲು ನೆಲ ಬಿಡುವ ಒಂದು ಗೇಣು ಜಾಗ. ರಿಸಾಲಿನ್ ಓಡತೊಡಗಿದಳು. ದೂರದಿಂದ ಅವಳು ಬೇರೆ ಯಾರೋ ಎಂಬಂತೆ ಕಂಡಳು, ಗಳದ ತುದಿ ಎಡಕ್ಕೂ ಬಲಕ್ಕೂ ತೂಗುತ್ತಿತ್ತು, ಮುಖದಲ್ಲಿ ಅವನು ಎಂದೂ ಕಾಣದ ಒಂದು ಒರಟುತನ. ನಿಂತುಬಿಡು ಎಂದು ಅವನು ಒಳಗೇ ಹೇಳಿದ. ಗಕ್ಕನೆ ನಿಲ್ಲು, ಬೇರೆ ಹುಡುಗಿಯರು ನಿಂತ ಹಾಗೆ, ನಗಲಿ ಬಿಡು. ಸೀಟಿ ತುಟಿಯ ಹತ್ತಿರವೇ ಇತ್ತು. ಊದಿದ್ದರೆ ಅವಳು ನಿಲ್ಲುತ್ತಿದ್ದಳು. ಅವನು ಊದಲಿಲ್ಲ. ಕೊನೆಯ ಹೆಜ್ಜೆಗಳು ಒಂದರ ಮೇಲೊಂದು ಬಿದ್ದವು, ಎಡಗಾಲು ಗುಣಿಯ ಬಾಯಿಗೆ ಬಂದು ಅಪ್ಪಳಿಸಿತು, ಬೀಳಬೇಕಾದ ಜಾಗದಿಂದ ಪೂರಾ ಒಂದು ಮೊಳ ಒಳಗೆ. ಗಳ ಕಬ್ಬಿಣಕ್ಕೆ ಬಡಿದ ಸದ್ದಿನ ಜೊತೆಗೆ ಅವಳ ಭುಜ ಹಿಂದಕ್ಕೆ ಹೋದದ್ದನ್ನು ಅವನು ನೋಡಿದ.

ಕಣ್ಣು ಮುಚ್ಚಿಕೊಂಡ. ಮೈ ಕಬ್ಬಿಣಕ್ಕೆ ಬೀಳುವ ಸದ್ದಿಗೆ ಕಾದ. ಬಂದದ್ದು ಜನರ ಅಬ್ಬರ. ಕಣ್ಣು ಬಿಟ್ಟರೆ ಹುಡುಗಿ ಮೆತ್ತೆಯ ಅಂಚಿನಲ್ಲಿ, ಅರ್ಧ ಒಳಗೆ ಅರ್ಧ ಹೊರಗೆ, ಒಂದು ಕಾಲು ನೆಲಕ್ಕೆ ಇಳಿಬಿದ್ದು ಮಲಗಿದ್ದಳು. ಮೇಲೆ ಪಟ್ಟಿ ನಡುಗುತ್ತ ನಡುಗುತ್ತ ಹಾಗೇ ನಿಂತಿತು. ಹೇಗೆ ದಾಟಿದಳೋ, ಓರೆಯಾಗಿ, ಉರುಳಿಕೊಂಡು, ಆ ದೇವರಿಗೇ ಗೊತ್ತು. ಎತ್ತರದ ಹುಡುಗಿ ಆಮೇಲೆ ಮೂರು ಸಲವೂ ಪಟ್ಟಿ ಬೀಳಿಸಿದಳು. ರಿಸಾಲಿನ್ ಗೆದ್ದಳು.

ಬಿದ್ದಿದ್ದರೆ ಎಲ್ಲವೂ ಮುಗಿಯುತ್ತಿತ್ತು ಎಂದು ಅವನ ಮನಸ್ಸಿಗೆ ಬಂತು, ತಾನು ಎಂಥ ಪಾಪಿ ಎಂದುಕೊಂಡ. ಆದರೆ ನಿಜವೂ ಅದೇ ಆಗಿತ್ತು. ಪಟ್ಟಿ ಬಿದ್ದಿದ್ದರೆ ಸಾಕಿತ್ತು, ನಿನಾಂಗ್ ಪೆಚ್ಚಾಗಿ ನಕ್ಕು, ಆಯ್ತಪ್ಪಾ ನಿನ್ನ ಮೂರು ಹೆಜ್ಜೆಯೇ ಇರಲಿ ಎನ್ನುತ್ತಿದ್ದರು. ಈಗ ಗೆಲುವು ಬಂದು ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ಮೈಕಿನಲ್ಲಿ ಕೋಚ್ ಫೆಲಿಮೊನ್ ಅವರ ಎದೆಗಾರಿಕೆ ಎಂದರು. ಮೇಯರ್ ಕೈ ಕುಲುಕಿದರು. ಕ್ರಿಸ್ಪುಲೊ ಬಂದು ಈ ಸಲ ಮೆಲ್ಲಗೆ, “ನಾನೂ ನನ್ನ ಪುಟ್ಟ ಮಕ್ಕಳನ್ನ ಸುಮ್ನೆ ಹತ್ರದಿಂದ ಓಡಿಸ್ತಾ ಕೂತಿದ್ದೆ ಸರ್. ನಾಳೆಯಿಂದ ಮರದಿಂದಾನೇ. ಎಷ್ಟಿತ್ತು ಅಳತೆ?” ಎಂದು ಕೇಳಿದ. ಅಳತೆಯೇ ಇರಲಿಲ್ಲ ಎನ್ನಬಹುದಿತ್ತು. ಫೆಲಿಮೊನ್ ಒಂದು ಅಂಕಿ ಹೇಳಿದ, ಬಾಯಿಗೆ ಬಂದದ್ದು. ಕ್ರಿಸ್ಪುಲೊ ಅದನ್ನು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡ.

ರಿಸಾಲಿನ್ ಶಾಮಿಯಾನದ ಹಿಂದೆ ನೀರಿನ ಡ್ರಮ್ಮಿನ ಪಕ್ಕ ನೆಲದಲ್ಲಿ ಕೂತಿದ್ದಳು. ಬಲಭುಜವನ್ನು ಎಡಗೈಯಿಂದ ಹಿಡಿದುಕೊಂಡಿದ್ದಳು. ಫೆಲಿಮೊನ್ ಐಸಿನ ತುಂಡನ್ನು ಕರವಸ್ತ್ರದಲ್ಲಿ ಸುತ್ತಿ ತಂದು ಅಲ್ಲಿಗೆ ಒತ್ತಿದ. ಅವಳು ತುಟಿ ಕಚ್ಚಿದಳು, ನೋಯುತ್ತದೆ ಎನ್ನಲಿಲ್ಲ.

“ಸರ್,” ಎಂದಳು. “ನನ್ನ ಕಾಲು ಎಲ್ಲಿ ಬಿತ್ತು ನೋಡಿದ್ರಾ?”

ಅವಳಿಗೆ ಗೊತ್ತಿತ್ತು. ತನ್ನ ಕಾಲು ಎಲ್ಲಿ ಬಿತ್ತೆಂದು ಜಿಗಿದವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನಿಗಾಗಿ ಕೇಳುತ್ತಿದ್ದಳು. ನೋಡ್ದೆ ಎಂದು ಅವನೊಮ್ಮೆ ಅಂದುಬಿಟ್ಟರೆ ಉಳಿದದ್ದೆಲ್ಲ ತಾನಾಗಿ ಬರುತ್ತಿತ್ತು: ತೀರ ಒಳಗೆ ಬಿತ್ತು, ಹಾಗಾದರೆ ಅಷ್ಟು ದೂರ ಸರಿಯಲ್ಲ, ಹಾಗಾದರೆ ಮುಂದಿನ ವಾರ ಪ್ರಾಂತ್ಯದ ಕೂಟದಲ್ಲಿ ಹತ್ತಿರದಿಂದಲೇ, ಹಾಗಾದರೆ ಈಗಲೇ ಎದ್ದು ಹೋಗಿ ಹೇಳಬೇಕು. ಹುಡುಗಿ ಅವನಿಗೆ ಕಲಿಸುತ್ತಿದ್ದಳು, ಅವನು ಅವಳಿಗೆ ಕಲಿಸಿದ ಹಾಗೆಯೇ, ಹತ್ತಿರದಿಂದ, ಒಂದೇ ಹೆಜ್ಜೆಯಿಂದ. ಶಾಮಿಯಾನದ ಬಟ್ಟೆ ಸರಿಸಿ ನಿನಾಂಗ್ ಬರುತ್ತಿದ್ದರು, ಕೈಯಲ್ಲಿ ಪಾನ್ಸಿತ್ ಶಾವಿಗೆಯ ತಟ್ಟೆ, ಮುಖದ ತುಂಬ ಬೆವರು, ಸಂತೋಷ.

“ಇಲ್ಲ,” ಎಂದ ಫೆಲಿಮೊನ್. “ಪಟ್ಟಿ ನೋಡ್ತಿದ್ದೆ.”

“ಹೌದಾ ಸರ್,” ಎಂದಳು. ಭುಜದ ಮೇಲಿನ ಕರವಸ್ತ್ರ ತೆಗೆದು ಮಡಚಿ ಅವನ ಕೈಗೆ ಕೊಟ್ಟು ಎದ್ದಳು. ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಎಡಗೈಯೊಂದರಿಂದಲೇ ಎಳೆದು ತಂದು ಮೇಡಂಗೆ ಹಾಕಿದಳು.

“ಅಯ್ಯೋ ನನ್ನ ಕಂದಾ, ನೋವಾಯ್ತೇನು?”

“ಇಲ್ಲ ಮೇಡಂ.”

“ಮುಂದಿನ ವಾರ ಇನ್ನೂ ಸ್ವಲ್ಪ ಹಿಂದಿನಿಂದ ಓಡ್ತೀಯಲ್ಲ?”

“ಓಡ್ತೀನಿ ಮೇಡಂ,” ಎಂದಳು ಹುಡುಗಿ. “ಸರ್ ಕಲಿಸ್ತಾರೆ.”